ಯಾವ ಫೋನು ನಿಮ್ಮ ಕೈಗೆ ಒಪ್ಪುತ್ತದೆ?

ಪ್ರೆಷರ್ ಕುಕ್ಕರ್ ಕೊಳ್ಳಲು ಹೋದಾಗ ನೀವು ಎಷ್ಟು ಹೊತ್ತು ಅಂಗಡಿಯಲ್ಲಿ ನಿಲ್ಲುತ್ತೀರಿ? ಮುಚ್ಚಳ ತಿರುವಿ ನೋಡುತ್ತೀರಿ, ತಳ ಬಡಿದು ನೋಡುತ್ತೀರಿ, ಮನೆಯಲ್ಲಿ ಐದು ಜನ ಅಂದಮೇಲೆ ಮೂರು ಲೀಟರಿನದು ಸಾಕೋ ಐದರದು ಬೇಕೋ ಎಂದು ಲೆಕ್ಕ ಹಾಕುತ್ತೀರಿ. ಸೀರೆಯ ಮಾತಂತೂ ಬೇಡವೇ ಬೇಡ. ಬಾಗಿಲ ಬೆಳಕಿಗೆ ಹಿಡಿದು, ಸೆರಗು ಬಿಡಿಸಿ, ಹತ್ತು ಮಡಿಕೆ ಕೆಡವಿಸಿ, ಕೊನೆಗೆ ಮೊದಲು ನೋಡಿದ್ದನ್ನೇ ತರುತ್ತೀರಿ. ಆದರೆ ಹನ್ನೆರಡು, ಹದಿನಾಲ್ಕು ಸಾವಿರ ರೂಪಾಯಿಯ ಫೋನು ಕೊಳ್ಳುವ ದಿನ ನೀವು ಅಂಗಡಿಗೇ ಹೋಗುವುದಿಲ್ಲ! ಮಗನೋ ಮೈದುನನೋ ಆರಿಸಿ ತರುತ್ತಾನೆ. ಇಲ್ಲವೇ ಮನೆಯವರು ತಮಗೊಂದು ಹೊಸದು ಕೊಂಡು, "ನಿನಗೆ ಇದು ಸಾಕು ಬಿಡು" ಎಂದು ಹಳೆಯದನ್ನು ನಿಮ್ಮ ಕೈಗಿಡುತ್ತಾರೆ. ಹೌದೋ ಅಲ್ಲವೋ, ನೀವೇ ಹೇಳಿ.

ಅದಾದರೂ ಸಿಕ್ಕಿತಲ್ಲ ಎನ್ನುವ ಸೋದರಿಯರೂ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲು ಉಳ್ಳ ಮಹಿಳೆಯರು ನಮ್ಮ ದೇಶದಲ್ಲಿ 100ಕ್ಕೆ 54 ಮಂದಿ. ಉಳಿದವರು ಮಾತಾಡಬೇಕಾದರೆ ಇನ್ನೊಬ್ಬರ ಫೋನಿಗೆ ಕಾಯಬೇಕು.

ಬರೀ ಮಾತಿನ ವಿಷಯವಾಗಿದ್ದರೆ ಕಾಯಬಹುದಿತ್ತು. ಈಗ ಹಾಗಿಲ್ಲವಲ್ಲ! ಬ್ಯಾಂಕಿನ ಖಾತೆಯಿಂದ ಹಣ ತೆಗೆದರೆ ಸಂದೇಶ ಬರುವುದು ಫೋನಿಗೆ. ಗ್ಯಾಸ್ ಸಿಲಿಂಡರ್ ಮನೆ ಬಾಗಿಲಿಗೆ ಬಂದಾಗ ಹೇಳಬೇಕಾದ ಸಂಖ್ಯೆ ಬರುವುದು ಫೋನಿಗೆ. ಆಧಾರ್ ತಿದ್ದಿಸಬೇಕೇ, ಓಟಿಪಿ ಬರುವುದು ಫೋನಿಗೆ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುತ್ತದೆ ನಿಜ. ಆದರೆ ಆ ಖಾತೆಗೆ ಜೋಡಿಸಿದ ಮೊಬೈಲು ನಂಬರು ಬೆಂಗಳೂರಿನಲ್ಲಿರುವ ಮಗನದಾಗಿದ್ದರೆ ಹಣ ಬಂದ ಸುದ್ದಿ ಮೊದಲು ತಿಳಿಯುವುದು ಅವನಿಗೆ, ತಾಯಿಗಲ್ಲ. ಆದ್ದರಿಂದ ಯಾವ ಕಂಪನಿಯ ಯಾವ ಮಾದರಿ ಎಂದು ಕೇಳುವ ಮುಂಚೆ ಈ ಫೋನು ಯಾರ ಕೈಯಲ್ಲಿರುತ್ತದೆ, ಅದರಲ್ಲಿ ಯಾರ ನಂಬರು ಇರುತ್ತದೆ ಎಂಬುದು ಮನೆಯಲ್ಲಿ ಇತ್ಯರ್ಥವಾಗಲಿ. ನಿಮ್ಮದೇ ಆಗುವುದಾದರೆ ನೀವೇ ಆರಿಸಿ. ಅದೇನು ಬ್ರಹ್ಮವಿದ್ಯೆಯಲ್ಲ.

ಪಾಪಿನಾಯಕನಹಳ್ಳಿಯ ಒಬ್ಬ ಗೃಹಿಣಿಯ ವಿಷಯ ಹೇಳುತ್ತೇನೆ. ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಸಿಗುವ ಊರು ಅದು. ಸುತ್ತಿನವರ ಬಾಯಲ್ಲಿ ಪಿ.ಕೆ. ಹಳ್ಳಿ. ರೈಲು ನಿಲ್ದಾಣವಿದೆ, ಒಂದು ಕಡೆ ಸಂಡೂರಿನ ಗುಡ್ಡಸಾಲಿದೆ, ಅದಿರಿನ ಲಾರಿಗಳಿವೆ. ತೊಳೆದು ಹರವಿದ ಬಿಳಿ ಪಂಚೆ ಸಂಜೆಗೆ ನಸುಗೆಂಪು! ಆಕೆ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ. ಏಳು ತಿಂಗಳ ಗೃಹಲಕ್ಷ್ಮಿ ಹಣವನ್ನು ಮುಟ್ಟದೆ ಇಟ್ಟು 14,000 ರೂಪಾಯಿ ಮಾಡಿಕೊಂಡರು. ಪಿಯುಸಿ ಓದುವ ಮಗ ಮೂರು ಮಾದರಿ ಆರಿಸಿಟ್ಟಿದ್ದ. ಮೂರೂ ಅವನ ಆಟಕ್ಕೆ ಒಪ್ಪುವಂಥವು! "ಅಮ್ಮಾ, ನಿನಗೇನು ತಿಳೀತದ, ನಾ ತಂದುಕೊಡ್ತೀನಿ" ಎಂದ. ಆಕೆ, "ರೊಕ್ಕ ನಂದು, ಫೋನು ನಂದು. ನೀನು ಬಾ, ನಾನೂ ಬರ್ತೀನಿ" ಎಂದು ಹೊಸಪೇಟೆಯ ಬಸ್ಸು ಹತ್ತಿದರು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಂಗಡಿ ನೋಡಿ ಬರೀ ಕೈಯಲ್ಲಿ ಬಂದರೂ ನಷ್ಟವಿಲ್ಲ. ಅವರೂ ಮೊದಲ ದಿನ ಬರೀ ಕೈಯಲ್ಲೇ ಬಂದರು. ಅದೇ ಜಾಣತನ.

ಕಟ್ಟೆ, ಉಗ್ರಾಣ, ಒಲೆ

ಅಂಗಡಿಯವರು ಹೇಳುವ ಮೂರು ಮಾತು ಮೊದಲು ತಿಳಿದುಕೊಳ್ಳಿ. ರ್ಯಾಮ್ ಎಂದರೆ ನಿಮ್ಮ ಅಡುಗೆಕಟ್ಟೆ ಎಂದುಕೊಳ್ಳಿ. ಕಟ್ಟೆ ಅಗಲವಾಗಿದ್ದರೆ ಒಂದು ಕಡೆ ಹಿಟ್ಟು ನಾದುತ್ತ ಇನ್ನೊಂದು ಕಡೆ ಪಲ್ಯ ಹೆಚ್ಚಬಹುದು. ಕಿರಿದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ಇಳಿಸಬೇಕು. ಫೋನು "ನಿಧಾನ ಆಯಿತು" ಎನ್ನುತ್ತೇವಲ್ಲ, ಬಹಳ ಸಲ ಅದಕ್ಕೆ ಕಾರಣ ಈ ಇಕ್ಕಟ್ಟೇ. ಸ್ಟೋರೇಜ್ ಎಂದರೆ ಉಗ್ರಾಣ. ಫೋಟೋ, ವಿಡಿಯೋ, ವಾಟ್ಸ್ಆ್ಯಪಿನಲ್ಲಿ ಬೆಳಗಾಗೆದ್ದು ಬರುವ ಶುಭೋದಯದ ಹೂಗಳು, ಎಲ್ಲವೂ ಅಲ್ಲೇ ತುಂಬುವುದು. ಇನ್ನು ಪ್ರೊಸೆಸರ್ ಎಂಬುದು ಒಲೆ. ಕಟ್ಟೆ ಎಷ್ಟೇ ಅಗಲವಿರಲಿ, ಒಲೆಯ ಉರಿ ಸಣ್ಣದಾದರೆ ಅಡುಗೆ ತಡ.

ಪಿ.ಕೆ. ಹಳ್ಳಿಯ ಸೋದರಿಗೆ ಒಂದು ಅಂಗಡಿಯಲ್ಲಿ ನಡೆದ ಮಾತು ಇದು:

"ತಗೊಳ್ರಿ ಅಕ್ಕಾ, 8 ಜಿಬಿ ರ್ಯಾಮ್ ಐತಿ. ಏನ್ ಹಾಕಿದ್ರೂ ಓಡ್ತೈತಿ."

"ಅಲ್ಲಣ್ಣ, ಡಬ್ಬಿ ಮ್ಯಾಲೆ ಸಣ್ಣಕ್ಷರದಾಗ 4 ಅಂತ ಬರದೈತಲ್ಲ?"

"ಅದು 4 ಪ್ಲಸ್ 4 ಅಕ್ಕಾ. ಎರಡೂ ಕೂಡಿದ್ರ ಎಂಟು."

ಲೆಕ್ಕವೇನೋ ಸರಿ! ಆದರೆ ಎರಡನೆಯ ನಾಲ್ಕು ನಿಜವಾದ ಕಟ್ಟೆಯಲ್ಲ. ಉಗ್ರಾಣದ ನೆಲದಲ್ಲಿ ಒಂದಿಷ್ಟು ಜಾಗ ಬಿಡಿಸಿ, ಅಲ್ಲೊಂದು ಮಣೆ ಹಾಕಿ ಇದನ್ನೂ ಕಟ್ಟೆ ಅನ್ನಿ ಎನ್ನುತ್ತಾರೆ. ಉಗ್ರಾಣದ ಆ ಜಾಗ ಹೋಯಿತು, ಕೆಲಸವೂ ಕಟ್ಟೆಯಷ್ಟು ಚುರುಕಾಗಿ ಸಾಗದು. ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಯ ಪಕ್ಕ ನಕ್ಷತ್ರದ ಗುರುತು ಕಂಡರೆ ಅದರ ವಿವರ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಓದಿಸಿ ಕೇಳಿ. ಕೊಳ್ಳುವಾಗ ನಿಜವಾದ 6 ಜಿಬಿ ರ್ಯಾಮ್ ನಿಮ್ಮ ಹಣಕ್ಕೆ ಸಿಗುವುದಾದರೆ 4ಕ್ಕೆ ನಿಲ್ಲಬೇಡಿ. ಉಗ್ರಾಣ 128 ಜಿಬಿ ಇರಲಿ. 64ರದ್ದರಲ್ಲಿ ಫೋನಿನ ಸ್ವಂತ ಸಾಮಾನೇ ದೊಡ್ಡ ಪಾಲು ನುಂಗಿರುತ್ತದೆ. ಒಂದು ಮದುವೆ, ಒಂದು ಜಾತ್ರೆ ಮುಗಿಯುವಷ್ಟರಲ್ಲಿ "ಜಾಗವಿಲ್ಲ" ಎಂದು ಬರತೊಡಗುತ್ತದೆ.

ಕ್ಯಾಮೆರಾದ ಅಂಕಿಗಳಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. 50 ಮೆಗಾಪಿಕ್ಸೆಲ್, 108 ಮೆಗಾಪಿಕ್ಸೆಲ್ ಎಂದು ಕೂಗುತ್ತಾರೆ. ಹಿಂಭಾಗದಲ್ಲಿ ಮೂರು ಕಣ್ಣು ಕಂಡರೂ ಎರಡು ಹೆಸರಿಗೆ ಮಾತ್ರ ಇರುವ ಮಾದರಿಗಳು ಬೇಕಾದಷ್ಟಿವೆ. ಪರೀಕ್ಷೆ ಬಹಳ ಸುಲಭ. ಚೀಲದಲ್ಲಿ ರೇಷನ್ ಕಾರ್ಡೋ ಪಾಸ್‌ಬುಕ್ಕೋ ಇರುತ್ತದಲ್ಲ? ಅಂಗಡಿಯ ಕತ್ತಲೆ ಮೂಲೆಯಲ್ಲಿ ಅದರ ಫೋಟೋ ತೆಗೆಯಿರಿ, ಹಿಗ್ಗಿಸಿ ನೋಡಿ. ಅಕ್ಷರ ಓದಲು ಬಂದರೆ ಕ್ಯಾಮೆರಾ ನಿಮ್ಮ ಕೆಲಸಕ್ಕೆ ಸಾಕು. ಫೋಟೋ ಅಳಿಸಿ ಬನ್ನಿ, ಮರೆಯಬೇಡಿ! "ಲೇಡೀಸ್‌ಗೆ ಅಂತಲೇ ಬಂದದ್ದು" ಎಂದು ಗುಲಾಬಿ ಬಣ್ಣದ್ದನ್ನು ಮುಂದಿಟ್ಟರೆ ನಕ್ಕು ಸುಮ್ಮನಾಗಿ. ಬಣ್ಣ ಹೇಗೂ ಕವರಿನ ಒಳಗೆ ಹೋಗುತ್ತದೆ.

ಬೆರಳು, ಬಿಸಿಲು, ಕೆಂಪು ಧೂಳು

ಈಗ ಬರುವ ಫೋನುಗಳು ಅಡಿಕೋಲಿನ ಅರ್ಧಕ್ಕಿಂತ ಉದ್ದ. ಗಂಡಸರ ಅಂಗೈಗೆ ಹೊಂದುತ್ತವೆ, ಷರ್ಟಿನ ಜೇಬೂ ಇರುತ್ತದೆ. ನಮಗೆ? ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳು ಮೇಲಿನ ಮೂಲೆ ಮುಟ್ಟುವುದೇ ಎಂದು ಅಲ್ಲೇ ನೋಡಿ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿಯುವವರು ನೀವು.

ಆಮೇಲೆ ಬೆರಳಚ್ಚು. ಪಾತ್ರೆ ಉಜ್ಜಿ, ಬಟ್ಟೆ ಒಗೆದು, ಸೂಜಿ ಚುಚ್ಚಿಸಿಕೊಂಡು ಸವೆದ ಬೆರಳಿನ ಗೆರೆಯನ್ನು ಯಂತ್ರ ಗುರುತಿಸದೆ ಹೋಗುವುದು ನ್ಯಾಯಬೆಲೆ ಅಂಗಡಿಯಲ್ಲೇ ನಮಗೆ ಗೊತ್ತಲ್ಲ. ಕೆಲವು ಫೋನಿನಲ್ಲಿ ಬೆರಳಿಡುವ ಜಾಗ ಪರದೆಯ ಒಳಗಿರುತ್ತದೆ, ಕೆಲವದರಲ್ಲಿ ಪಕ್ಕದ ಗುಂಡಿಯಲ್ಲಿ. ಒದ್ದೆ ಕೈ ಮಾಡಿಕೊಂಡು ಎರಡನ್ನೂ ಮುಟ್ಟಿ ನೋಡಿ. ನಮ್ಮ ಸೋದರಿ ಮಾಡಿದ್ದೂ ಅದನ್ನೇ. ಮಗ ಮೆಚ್ಚಿದ್ದ ಪರದೆಯೊಳಗಿನದು ಮೂರು ಸಲ ಮುಟ್ಟಿದರೂ ಬಾಗಿಲು ತೆರೆಯಲಿಲ್ಲ. ಪಕ್ಕದ ಗುಂಡಿಯದು ಎರಡನೆಯ ಸಲಕ್ಕೆ ತೆರೆಯಿತು. ಅಲ್ಲಿಗೆ ಮೂರರಲ್ಲಿ ಒಂದು ಮಾದರಿ ಹೊರಗಾಯಿತು.

ಪರದೆಯನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಅಲ್ಲಿ ಎಲ್ಲವೂ ಚೆಂದ. ಬಾಗಿಲಾಚೆ ಬಂದು ನಮ್ಮ ಬಳ್ಳಾರಿ ಸೀಮೆಯ ಬಿಸಿಲಿಗೆ ಹಿಡಿಯಿರಿ. ಯಾರು ಕರೆ ಮಾಡುತ್ತಿದ್ದಾರೆಂದು ಆ ಬಿಸಿಲಲ್ಲಿ ಕಾಣದಿದ್ದರೆ ಅಂಥ ಫೋನು ಎಷ್ಟು ಚೆಂದವಿದ್ದು ಏನು?

ಧೂಳಿನ ವಿಷಯಕ್ಕೆ ಬರೋಣ. ಹೊಸಪೇಟೆ, ಸಂಡೂರು, ತೋರಣಗಲ್ಲು ಕಡೆಯವರು ಇದನ್ನು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕು. ಅದಿರಿನ ಪುಡಿ ಬಹಳ ನವಿರು. ಚಾರ್ಜಿಂಗ್ ತೂತಿನಲ್ಲಿ ಕೂತರೆ ಪಿನ್ನು ಸರಿಯಾಗಿ ಹಿಡಿಯದು, ಸ್ಪೀಕರಿನ ಜಾಲರಿಯಲ್ಲಿ ಕೂತರೆ ದನಿ ಗೊರಗೊರ. ಫೋನುಗಳಿಗೆ ಐಪಿ ಎಂಬ ಒಂದು ಗುರುತು ಕೊಡುತ್ತಾರೆ, ಮುಂದೆ ಎರಡು ಅಂಕಿ. ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. ಐಪಿ 54 ಎಂದರೆ ಧೂಳು ಒಂದಿಷ್ಟು ಒಳಹೋದರೂ ಕೆಲಸ ಕೆಡದು, ನೀರಿನ ಹನಿ ಎರಚಿದರೂ ತಡೆಯುತ್ತದೆ. ಐಪಿ 64 ಎಂದರೆ ಧೂಳಿಗೆ ಪೂರ್ತಿ ಬಾಗಿಲು ಹಾಕಿದಂತೆ. 68 ಇದ್ದರೆ ನೀರಲ್ಲಿ ಮುಳುಗಿದರೂ ಸ್ವಲ್ಪ ಹೊತ್ತು ತಾಳುತ್ತದೆ, ಆದರೆ ಬೆಲೆಯೂ ಮೇಲೆ. ಬೇರೆ ಊರಿನವರು ನೀರಿನ ಅಂಕಿ ನೋಡಿಕೊಳ್ಳಲಿ, ನೀವು ಮೊದಲ ಅಂಕಿ ನೋಡಿ. ಇನ್ನೊಂದು ಮಾತು: ಐಪಿ ಎಷ್ಟೇ ಇರಲಿ, ನೀರು ಹೋಗಿ ಕೆಟ್ಟದ್ದಕ್ಕೆ ಕಂಪನಿಗಳು ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಬಿಂದಿಗೆಯ ಪಕ್ಕ ಇಡಬೇಡಿ.

5ಜಿ ಬೇಕೇ?

ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಐದಾರು ವರ್ಷ ಬಾಳಲಿ ಎಂದು ಕೊಳ್ಳುವ ಫೋನು 5ಜಿಯದೇ ಆಗಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಅಡುಗೆಮನೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆ ಎಂಬುದು. ಡೊಳ್ಳಿನ ಸದ್ದು ಊರಾಚೆಗೂ ಕೇಳುತ್ತದೆ, ಕಾಲ್ಗೆಜ್ಜೆಯ ಸದ್ದು ಬಾಗಿಲಾಚೆ ಕೇಳದು. ಟವರಿನ ಅಲೆಗಳೂ ಹಾಗೆಯೇ. 700, 900 ಮೆಗಾಹರ್ಟ್ಸಿನ ಅಲೆಗಳು ಡೊಳ್ಳಿನಂತೆ ದೂರ ಸಾಗಿ ಗೋಡೆಯೊಳಗೂ ಬರುತ್ತವೆ. 5ಜಿಗೆ ಹೆಚ್ಚಾಗಿ ಬಳಸುವ 3,300 ಮೆಗಾಹರ್ಟ್ಸಿನವು ಬಲು ವೇಗ, ಆದರೆ ಕಲ್ಲುಗೋಡೆಗೂ ಗುಡ್ಡಕ್ಕೂ ಸೋಲುತ್ತವೆ. ಗುಡ್ಡದ ಮಗ್ಗುಲಿನ ಮನೆಯವರು ಪರೀಕ್ಷೆ ಮಾಡದೆ ಸಿಮ್ ಬದಲಿಸಬಾರದು. ನೆಂಟರು ಬಂದಾಗ ಅವರವರ ಫೋನು ಹಿಡಿದು ಒಲೆಯ ಮುಂದೆ, ಹಿತ್ತಲಿನಲ್ಲಿ, ಮಲಗುವ ಕೋಣೆಯಲ್ಲಿ ನಿಂತು ಎಷ್ಟು ಗೆರೆ ಬರುತ್ತದೆಂದು ನೋಡಿ. ಖರ್ಚಿಲ್ಲದ ಪರೀಕ್ಷೆ. ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಿತು. ಆ ಸಿಮ್ ಇರುವವರು ತಾವು ಕೊಳ್ಳುವ ಫೋನು 700 ಮೆಗಾಹರ್ಟ್ಸ್ ಅನ್ನು, ಅಂದರೆ ಬ್ಯಾಂಡ್ 28 ಅನ್ನು, ಹಿಡಿಯುತ್ತದೆಯೇ ಎಂದು ಕೇಳಿಕೊಳ್ಳಿ.

ಹೆಸರು ಒಂದೇ ಇದ್ದ ಮಾತ್ರಕ್ಕೆ ಫೋನು ಒಂದೇ ಎಂದುಕೊಳ್ಳಬೇಡಿ. 2023ರ ಡಿಸೆಂಬರಿನಲ್ಲಿ ರೆಡ್ಮಿ 13ಸಿ ಬಂದಾಗ 4ಜಿಯದೊಂದು, 5ಜಿಯದೊಂದು ಬಂದಿತು; ಹೊರಗಿನಿಂದ ಅಕ್ಕತಂಗಿಯರಂತೆ, ಒಳಗಿನ ಒಲೆಗಳು ಬೇರೆ ಬೇರೆ. ಪಕ್ಕದ ಮನೆಯಾಕೆ "ನನ್ನದೂ ಅದೇ, ಸಾವಿರ ಕಡಿಮೆಗೆ ಬಂತು" ಎಂದರೆ ಪೂರ್ತಿ ಹೆಸರು ಕೇಳಿ.

ಅತ್ತೆಯವರಿಗೆ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ಗುಂಡಿ ಒತ್ತುವ ಫೋನೇ ಅವರಿಗೆ ಹಿತವಾದರೆ ಅದೇ ಇರಲಿ. ಅಂಥ ಫೋನಿನಿಂದಲೂ ಹಣ ಕಳಿಸುವ ಯುಪಿಐ 123ಪೇ ಎಂಬ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕು 2022ರ ಮಾರ್ಚ್ 8ರಂದು ಆರಂಭಿಸಿತು. ಒಂದೇ ಎಚ್ಚರ: ಜಿಯೋದಲ್ಲಿ 2ಜಿ ಇಲ್ಲ, ಹಳೆಯ ಕಾಲದ ಗುಂಡಿ ಫೋನಿಗೆ ಆ ಸಿಮ್ ಹಾಕಿದರೆ ನಡೆಯದು.

ಕನ್ನಡದಲ್ಲಿ ಬರೆಯಲು ಬರುತ್ತದೆಯೇ ಎಂದು ಈಗ ಹೆದರಬೇಕಾಗಿಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಅವರಂಥವರು ಗಣಕದಲ್ಲಿ ಕನ್ನಡ ಮೂಡಿಸಲು ಕೀಲಿಮಣೆ ರೂಪಿಸಿದ ಕಾಲಕ್ಕೂ ಇಂದಿಗೂ ಎಷ್ಟು ದೂರ! ಮಾತಾಡಿದರೆ ಅಕ್ಷರವಾಗುತ್ತದೆ. ಅಂಗಡಿಯಲ್ಲೇ ಕನ್ನಡಕ್ಕೆ ಬದಲಿಸಲು ಹೇಳಿ, ಒಂದು ಸಾಲು ಮಾತಾಡಿ ನೋಡಿ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವವರು ಅದನ್ನೂ ನೋಡಿ.

ಯಾರೂ ಹೇಳದ ಒಂದು ಅಂಕಿ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯದ, ಆದರೆ ನಾನು ಮೊದಲು ಕೇಳುವ ಅಂಕಿ ಒಂದಿದೆ. ಈ ಫೋನಿಗೆ ಕಂಪನಿ ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತದೆ? ಮನೆಗೆ ಬೀಗ ಹಾಕಿದರೆ ಸಾಲದು, ಕಳ್ಳರು ಹೊಸ ಕೀಲಿ ಮಾಡಿದಂತೆಲ್ಲ ಬೀಗವನ್ನೂ ಬಲಪಡಿಸಬೇಕು. ಆ ಕೆಲಸ ಈ ಅಪ್‌ಡೇಟಿನದು. ನಿಮ್ಮ ಬ್ಯಾಂಕು, ಸಂಘದ ಹಣ ಎಲ್ಲ ಫೋನಿನಲ್ಲಿರುವಾಗ ಬೀಗ ಹಳತಾಗಬಾರದು. 2024ರ ಅಕ್ಟೋಬರಿನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿಗೆ ಆ ಕಂಪನಿ 6 ವರ್ಷದ ಮಾತು ಕೊಟ್ಟಿತು. ಮಧ್ಯಮ ಬೆಲೆಯಲ್ಲಿ ಅದು ದೊಡ್ಡ ಮಾತೇ. ಎಷ್ಟೋ ಅಗ್ಗದ ಮಾದರಿಗಳಿಗೆ ಅದರ ಅರ್ಧವೂ ಇರುವುದಿಲ್ಲ. ವರ್ಷದ ಎಣಿಕೆಯನ್ನು ಕಂಪನಿಗಳು ಹೆಚ್ಚಾಗಿ ಮಾದರಿ ಪೇಟೆಗೆ ಬಂದ ದಿನದಿಂದ ಹಿಡಿಯುತ್ತವೆ, ನೀವು ಕೊಂಡ ದಿನದಿಂದಲ್ಲ! "ಹಬ್ಬದ ರಿಯಾಯಿತಿ, ಮೂರು ಸಾವಿರ ಕಡಿಮೆ" ಎಂದಾಗ ಈ ಮಾದರಿ ಬಂದದ್ದು ಯಾವಾಗ ಎಂದು ಕೇಳಿ. ಎರಡು ವರ್ಷದ ಹಿಂದಿನದಾದರೆ ಆಯುಸ್ಸಿನಲ್ಲೂ ಎರಡು ವರ್ಷ ರಿಯಾಯಿತಿ ಆಗಿಹೋಗಿದೆ.

ಮನೆಯವರ ಹಳೆಯ ಫೋನು ನಿಮಗೆ ಬರುವುದಾದರೆ ಇದೇ ಪ್ರಶ್ನೆ ಅದಕ್ಕೂ. ಮತ್ತು ಅದರಲ್ಲಿರುವ ಅವರ ಗೂಗಲ್ ಖಾತೆ ತೆಗೆಸಿ, ಪೂರ್ತಿ ಅಳಿಸಿ, ನಿಮ್ಮ ಹೆಸರಿನ ಖಾತೆ ಹಾಕಿಸಿಕೊಳ್ಳಿ. ಅವರ ಖಾತೆ ಉಳಿದರೆ ನಿಮ್ಮ ಫೋಟೋ ಅವರ ಹೊಸ ಫೋನಿನಲ್ಲೂ ಕಾಣಬಹುದು. ಗಂಡಹೆಂಡಿರ ನಡುವೆ ಗುಟ್ಟೇನು ಎನ್ನಬೇಡಿ. ಆ ಹೊಸ ಫೋನು ನಾಳೆ ಇನ್ಯಾರದೋ ಕೈಗೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿ. 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆ ವೈ ಎಂ ಎಂಬ ಮೂರು ಅಕ್ಷರ, ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳಿಸಿದರೆ ಅದು ಯಾವ ಫೋನೆಂದು ಉತ್ತರ ಬರುತ್ತದೆ. ಕೈಯಲ್ಲಿರುವ ಫೋನಿಗೂ ಉತ್ತರಕ್ಕೂ ತಾಳೆಯಾಗದಿದ್ದರೆ ಹಣ ಕೊಡಬೇಡಿ.

ಕಂತಿನ ಲೆಕ್ಕ

"ಬಡ್ಡಿ ಇಲ್ಲ ಅಕ್ಕಾ, ತಿಂಗಳಿಗೆ ಎರಡೇ ಸಾವಿರ." ಕೇಳಲು ಇಂಪು! 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕಳಿಸಿದ ಸುತ್ತೋಲೆಯಲ್ಲಿ ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ಹೇಳಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಅಡಗಿರುತ್ತದೆ. ಒಂದು ಉದಾಹರಣೆ ಹಾಕೋಣ. ನಗದು ಕೊಟ್ಟರೆ 11,500ಕ್ಕೆ ಬಿಡುವ ಫೋನು ಕಂತಿನಲ್ಲಿ 12,000, ಆರು ತಿಂಗಳು ಎರಡೆರಡು ಸಾವಿರ. ಫೈಲ್ ಚಾರ್ಜು ಎಂದು 300, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 54. ಒಟ್ಟು 12,354. ನಗದಿಗಿಂತ 854 ರೂಪಾಯಿ ಹೆಚ್ಚು. ಒಂದು ಕಂತು ತಪ್ಪಿದರೆ ದಂಡ ಬೇರೆ. ಕಂತು ಬೇಡವೆನ್ನುತ್ತಿಲ್ಲ, ನಗದಿಗೆ ಎಷ್ಟು, ಕಂತಿಗೆ ಒಟ್ಟು ಎಷ್ಟು ಎಂದು ಚೀಟಿಯಲ್ಲಿ ಬರೆಸಿ ನೋಡಿ. ಚಾರ್ಜರ್ ಪೆಟ್ಟಿಗೆಯಲ್ಲಿದೆಯೋ ಬೇರೆ ಕೊಳ್ಳಬೇಕೋ ಎಂದೂ ಕೇಳಿ. ಎಷ್ಟೋ ಮಾದರಿಗಳಲ್ಲಿ ಈಗ ಬರೀ ವೈರು ಇರುತ್ತದೆ.

ಪಿ.ಕೆ. ಹಳ್ಳಿಯ ಸೋದರಿ ಎರಡನೆಯ ಸಲ ಹೋದಾಗ ಉಳಿದ ಎರಡು ಮಾದರಿಗಳನ್ನು ಅಕ್ಕಪಕ್ಕ ಇಡಿಸಿದರು. ಒಂದು ಆಟಕ್ಕೆ ಚುರುಕು, ಕ್ಯಾಮೆರಾದ ಅಂಕಿ ದೊಡ್ಡದು; ಆದರೆ ಅದರ ಸರ್ವಿಸ್ ಸೆಂಟರು ಹೊಸಪೇಟೆಯಲ್ಲಿರಲಿಲ್ಲ, ಬಳ್ಳಾರಿಗೆ ಹೋಗಬೇಕು. ಬಸ್ಸು ಪುಕ್ಕಟೆಯಾದರೂ ಒಂದು ದಿನದ ಹೊಲಿಗೆ ಹೋಯಿತಲ್ಲ! ಇನ್ನೊಂದು ಐಪಿ 64, 6 ಜಿಬಿ, 128 ಜಿಬಿ, ಸರ್ವಿಸ್ ಊರ ಹತ್ತಿರ, ಬೆಲೆ 12,800. ಅದನ್ನೇ ತಂದರು. ಉಳಿದ ಹಣದಲ್ಲಿ ಕವರು, ಪರದೆಯ ಗಾಜು, ಒಂದು ಚಾರ್ಜರು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನೇ ಕೂತು ಬ್ಯಾಂಕಿನ ನಂಬರನ್ನು ತಾಯಿಯ ಸಿಮ್ಮಿಗೆ ಬದಲಿಸುವ ಅರ್ಜಿ ತುಂಬಿಕೊಟ್ಟ.

ಬಿಲ್ಲಿನಲ್ಲಿ ಹೆಸರು ನಿಮ್ಮದಿರಲಿ, ಐಎಂಇಐ ಸಂಖ್ಯೆ ಬರೆದಿರಲಿ, ಅಂಗಡಿಯ ಜಿಎಸ್‌ಟಿ ನಂಬರಿರಲಿ. ಆ ಬಿಲ್ಲನ್ನು ಫೋನಿನಲ್ಲೇ ಫೋಟೋ ತೆಗೆದಿಟ್ಟು ಸುಮ್ಮನಾಗಬೇಡಿ. ಫೋನು ಕಳೆದರೆ ಬಿಲ್ಲೂ ಕಳೆದಂತೆ! ಮೂಲ ಬಿಲ್ಲು ರೇಷನ್ ಕಾರ್ಡಿನ ಜೊತೆ ಇರಲಿ. ಕಳೆದುಹೋದಾಗ ಪೊಲೀಸ್ ದೂರು ಕೊಟ್ಟು ಸಂಚಾರ ಸಾಥಿಯಲ್ಲಿ ಆ ಫೋನನ್ನೇ ಮುಚ್ಚಿಸಲು ಐಎಂಇಐ ಸಂಖ್ಯೆ ಬೇಕಾಗುತ್ತದೆ. ಫೋನಿನ ಮೂಲಕ ಯಾರಾದರೂ ಮೋಸದಿಂದ ಹಣ ತೆಗೆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ವಾರಂಟಿಯ ಒಳಗೆ ಕೆಟ್ಟ ಫೋನನ್ನು ರಿಪೇರಿ ಮಾಡಿಕೊಡದೆ ಅಲೆದಾಡಿಸಿದರೆ ಗ್ರಾಹಕರ ಸಹಾಯವಾಣಿ 1915. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.